ಯಾವ ಊರಾಯಿತು ತಮ್ಮದು? ಬಿ.ಜಿ.ಎಲ್. ಸ್ವಾಮಿಯವರ ಪುಸ್ತಕಗಳ ಜೊತೆ ಒಂದು ಸಂಜೆ

(ಶಿವಮೊಗ್ಗದ ಓದುಗರ ಬಳಗವೊಂದರಲ್ಲಿ ಆಷಾಢದ ಒಂದು ಸಂಜೆ ಆಡಿದ ಮಾತುಗಳು. ಬರೆದು ಕೊಡಿ ಎಂದು ಕೇಳಿದವರಿಗಾಗಿ ತುಸು ತಿದ್ದಿ, ಅಂದು ಮಳೆಯ ಸದ್ದಿನಲ್ಲಿ ಬಿಟ್ಟುಹೋದದ್ದನ್ನು ಸೇರಿಸಿ ಬರೆದಿದ್ದೇನೆ.)

ನಮ್ಮ ಕಡೆಯ ಮನೆಗಳಲ್ಲಿ ಹೊಸಬರು ಯಾರಾದರೂ ಬಂದರೆ ಮೊದಲು ಕಾಲಿಗೆ ನೀರು, ಆಮೇಲೆ ಜಗಲಿಯಲ್ಲಿ ಕೂರಿಸಿ ಬೆಲ್ಲದ ಚೂರಿನ ಜೊತೆ ಕುಡಿಯಲು ನೀರು, ಅದಾದ ಮೇಲೆ ಒಂದು ಪ್ರಶ್ನೆ: "ಯಾವ ಊರಾಯಿತು ತಮ್ಮದು?" ಹೆಸರು ಕೇಳುವುದು ಎಷ್ಟೋ ಹೊತ್ತಿನ ನಂತರ. ಕೆಲವೊಮ್ಮೆ ಕೇಳುವುದೇ ಇಲ್ಲ. ಊರು ತಿಳಿದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ. ಆ ಊರಿನಲ್ಲಿ ಯಾರ ಮನೆ, ಅಲ್ಲಿಗೆ ಬಂದು ಎಷ್ಟು ತಲೆಮಾರಾಯಿತು, ಅದಕ್ಕೆ ಮೊದಲು ಘಟ್ಟದ ಕೆಳಗೆ ಇದ್ದವರೋ, ನಗರದ ಸೀಮೆಯವರೋ. ಬೆಲ್ಲ ಕರಗುವಷ್ಟರಲ್ಲಿ ಬಂದವರ ಮೂಲವನ್ನೆಲ್ಲ ಜಾಲಾಡಿ, ಕೊನೆಗೆ ಹೇಗೋ ಒಂದು ನೆಂಟಸ್ತಿಕೆ ಹುಡುಕಿ, ಊಟಕ್ಕೆ ಏಳಿಸುತ್ತೇವೆ.

ಸಸ್ಯವಿಜ್ಞಾನಿ, ಕನ್ನಡದ ಲೇಖಕ ಬಿ.ಜಿ.ಎಲ್. ಸ್ವಾಮಿಯವರನ್ನು ನಲವತ್ತು ವರ್ಷ ಓದಿದ ಮೇಲೆ ನನಗೆ ಅನ್ನಿಸಿರುವುದು ಇಷ್ಟು: ಈ ಮನುಷ್ಯ ಬದುಕಿನುದ್ದಕ್ಕೂ ಕೇಳಿದ್ದು ಇದೇ ಒಂದು ಪ್ರಶ್ನೆಯನ್ನು. ಗಿಡ ಕಂಡರೆ ಕೇಳಿದರು, ಹುಳಿಯಲ್ಲಿ ತೇಲುವ ಹೋಳನ್ನು ಕೇಳಿದರು, ಹಳೆಯ ಕಾವ್ಯವನ್ನು ಕೇಳಿದರು, ಕಾಲೇಜಿನ ಕುರ್ಚಿಯಲ್ಲಿ ಕುಳಿತ ದೊಡ್ಡವರನ್ನೂ ಬಿಡದೆ ಕೇಳಿದರು. ಅವರು ಬೆಂಗಳೂರಿನವರು, ಕೆಲಸ ಮಾಡಿದ್ದು ಮದರಾಸಿನಲ್ಲಿ. ಆದರೂ ಈ ಒಂದು ಗುಣದಿಂದಾಗಿ ಅವರನ್ನು ಮಲೆನಾಡಿನ ಜಗಲಿಯವರೆಂದು ಲೆಕ್ಕಕ್ಕೆ ಹಿಡಿಯಲು ನನಗೆ ಯಾವ ಅಡ್ಡಿಯೂ ಕಾಣುವುದಿಲ್ಲ.

ನನಗೆ ಅವರು ಸಿಕ್ಕಿದ ಬಗೆಯನ್ನು ಹೇಳಿಬಿಡುತ್ತೇನೆ. ಆಗ ನಾನು ಪ್ರೌಢಶಾಲೆಯೊಂದರಲ್ಲಿ ಜೀವಶಾಸ್ತ್ರದ ಮೇಷ್ಟರಾಗಿ ಸೇರಿ ಎರಡು ವರ್ಷವಾಗಿತ್ತು. ಊರಿನ ಗ್ರಂಥಾಲಯದಲ್ಲಿ ಅಪ್ಪನಿಗೆ ಉಪನಿಷತ್ತಿನ ಪುಸ್ತಕ ಬೇಕಿತ್ತು. ಅಧ್ಯಾತ್ಮದ ಕಪಾಟಿನಲ್ಲಿ 'ಬೃಹದಾರಣ್ಯಕ' ಎಂಬ ಬೆನ್ನುಹೆಸರು ಕಂಡಿತು, ತಂದುಕೊಟ್ಟೆ. ಅಪ್ಪ ನಾಲ್ಕು ಪುಟ ಓದಿ, ಕನ್ನಡಕ ತೆಗೆದು, "ಇದರಲ್ಲಿ ಯಾಜ್ಞವಲ್ಕ್ಯ ಎಲ್ಲೂ ಕಾಣುವುದಿಲ್ಲವಲ್ಲೋ, ಬರೀ ಗಿಡ ಮರ" ಎಂದರು. ಮರುದಿನ ಹಿಂದಿರುಗಿಸಲು ಹೋದಾಗ ನೋಡಿದರೆ ಅದೇ ಕಪಾಟಿನಲ್ಲಿ 'ಸಾಕ್ಷಾತ್ಕಾರದ ದಾರಿಯಲ್ಲಿ', ಪಕ್ಕದಲ್ಲೇ 'ಫಲಶ್ರುತಿ'. ಮೂರೂ ಒಬ್ಬರೇ ಬರೆದದ್ದು, ಮೂರೂ ಸಸ್ಯಗಳ ವಿಷಯ. ಹೆಸರನ್ನು ನಂಬಿ ಜೋಡಿಸಿದವರ ತಪ್ಪೇನೂ ಇಲ್ಲ. ಸ್ವಾಮಿಯವರಿಗೆ ಬೇಕಾಗಿದ್ದದ್ದೂ ಇಂಥ ಕಪಾಟೇ ಇರಬೇಕು. ಅವರ ಇನ್ನೊಂದು ಶೀರ್ಷಿಕೆ 'ದೌರ್ಗಂಧಿಕಾಪಹರಣ'. ಭೀಮ ಸೌಗಂಧಿಕ ಪುಷ್ಪ ತರಲು ಹೋದ ಕಥೆ ಗೊತ್ತಿರುವವರಿಗೆ ಈ ಒಂದು ಪದವೇ ಒಂದು ಪ್ರಹಸನ. ಅಂದಿನಿಂದ ಆ ಕಪಾಟು ನನ್ನದಾಯಿತು.

ಅವರು ಯಾರೆಂಬುದನ್ನು ಹೊಸ ಓದುಗರಿಗಾಗಿ ಚುಟುಕಾಗಿ ಹೇಳುತ್ತೇನೆ. ಡಿ.ವಿ.ಜಿ.ಯವರ ಮಗ. ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. 1947ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಡಿ.ಎಸ್‌ಸಿ. ಅಲ್ಲಿಂದ ಹಾರ್ವರ್ಡ್‌ಗೆ ಹೋಗಿ ಇರ್ವಿಂಗ್ ಬೈಲಿ ಎಂಬ ಸಸ್ಯವಿಜ್ಞಾನಿಯ ಜೊತೆ ಕೆಲಸ. ಮರಳಿದ ಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರು, ಆಮೇಲೆ ಪ್ರಿನ್ಸಿಪಾಲರು. 'ಹಸುರು ಹೊನ್ನು' ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ಪ್ರಶಸ್ತಿ 1967ರಲ್ಲಿ ಅವರ ತಂದೆಗೆ ಗೀತೆಯ ವ್ಯಾಖ್ಯಾನಕ್ಕಾಗಿ ಬಂದಿತ್ತು. 1980ರಲ್ಲಿ ತೀರಿಕೊಂಡರು. ಅಪ್ಪ ಕಾಡಿನಲ್ಲಿ ಯಾರಿಗೂ ಕಾಣದೆ ಅರಳುವ ಹೂವನ್ನು ಜೀವನಕ್ಕೆ ಮಾದರಿಯೆಂದು ಹಾಡಿದವರು. ಮಗ ಅದೇ ಹೂವನ್ನು ಕೊಯ್ದು ತಂದು, ತೆಳುವಾಗಿ ಸೀಳಿ, ಸೂಕ್ಷ್ಮದರ್ಶಕದ ಕೆಳಗಿಟ್ಟವರು. ಒಂದೇ ಮನೆಯ ಎರಡು ಬಗೆಯ ಧ್ಯಾನ.

ಸಾಹಿತ್ಯದ ಸಭೆಗಳಲ್ಲಿ ಸ್ವಾಮಿಯವರ ಬಗ್ಗೆ ಮಾತನಾಡುವವರು ವಿಜ್ಞಾನದ ಕೆಲಸವನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. "ಅಂತರರಾಷ್ಟ್ರೀಯ ಖ್ಯಾತಿಯ ಸಸ್ಯವಿಜ್ಞಾನಿಗಳೂ ಆಗಿದ್ದರು" ಎಂಬ ಆ 'ಊ' ಪ್ರತ್ಯಯ ನನಗೆ ಕಿರಿಕಿರಿ. ಆ ಕೆಲಸ ಏನೆಂದು ಸ್ವಲ್ಪ ನೋಡೋಣ. ಅಡುಗೆಮನೆಯ ಮೂಲಕವೇ ನೋಡಬಹುದು.

ಅರಿಶಿನ ಎಲೆಯ ಕಡುಬು ಎಲ್ಲರಿಗೂ ಗೊತ್ತು. ಉದ್ದನೆಯ ಎಲೆಯ ಮೇಲೆ ಹಿಟ್ಟು ಬಳಿದು, ಒಳಗೆ ಕಾಯಿ ಬೆಲ್ಲ ಇಟ್ಟು, ಎಲೆಯನ್ನು ನಡುನರದ ಗುಂಟ ಮಡಿಸಿ ಹಬೆಗೆ ಇಡುತ್ತೇವೆ. ಹೂವಿನ ನಡುವೆ ಇರುವ ಅಂಡಾಶಯ, ಅಂದರೆ ಮುಂದೆ ಕಾಯಾಗುವ ಭಾಗ, ಮೂಲದಲ್ಲಿ ಎಲೆಯೇ ಎಂಬ ಮಾತು ಹಳೆಯದು. ಆದರೆ ಎಲೆ ಹೇಗೆ ಕಾಯಿಯಾಯಿತು? ಫಿಜಿ ದ್ವೀಪದ ಡೀಜೆನೀರಿಯ ಎಂಬ ಮರದ ಹೂವಿನಲ್ಲಿ ಇದಕ್ಕೊಂದು ಉತ್ತರ ಕಂಡಿತು. ಅಲ್ಲಿ ಈ ಭಾಗ ನಡುವೆ ಮಡಿಸಿದ ಎಲೆಯ ಹಾಗಿದೆ, ಅಂಚುಗಳು ಪೂರ್ತಿ ಬೆಸೆದುಕೊಂಡೇ ಇಲ್ಲ. ಬಾಯಿ ಬಿಟ್ಟ ಕಡುಬು ಎನ್ನಿ. 1951ರಲ್ಲಿ ಬೈಲಿ ಮತ್ತು ಸ್ವಾಮಿ ಸೇರಿ ಬರೆದ ಪ್ರಬಂಧ ಈ ಮಡಿಕೆಯನ್ನೇ ಮೂಲರೂಪವೆಂದು ಹಿಡಿದು, ಅದರಿಂದ ಬೇರೆ ಬೇರೆ ರೂಪಗಳು ಹೇಗೆ ಬೆಳೆದಿರಬಹುದೆಂದು ತೋರಿಸಿತು. ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ಅದೇ ಚಿತ್ರ.

ಮುಂದೆ ಏನಾಯಿತೆಂಬುದನ್ನೂ ಹೇಳಬೇಕು. 1999ರ ಸುಮಾರಿಗೆ ಡಿ.ಎನ್.ಎ. ಹಿಡಿದು ಹೂಬಿಡುವ ಗಿಡಗಳ ವಂಶಾವಳಿ ಬರೆದಾಗ, ನ್ಯೂ ಕ್ಯಾಲೆಡೋನಿಯದ ಆಂಬೊರೆಲ್ಲ ಎಂಬ ಗಿಡ ಎಲ್ಲಕ್ಕಿಂತ ಹಳೆಯ ಕವಲೆಂದು ಗೊತ್ತಾಯಿತು. ಅದರ ಅಂಡಾಶಯ ಮಡಿಸಿದ ಎಲೆಯಂತಿಲ್ಲ, ಕೊಟ್ಟೆಯಂತಿದೆ. ಹಲಸಿನ ಎಲೆಯ ಕೊಟ್ಟೆ ಕಡುಬು ಇದೆಯಲ್ಲ, ಹಾಗೆ. ಈಗ ಬಹಳ ಮಂದಿ ಕೊಟ್ಟೆಯೇ ಮೊದಲು, ಮಡಿಕೆ ಆಮೇಲೆ ಎನ್ನುತ್ತಾರೆ. ಇನ್ನೊಂದು ಉದಾಹರಣೆ. ಸಾರ್ಕಾಂಡ್ರ ಎಂಬ ಪೊದೆಯ ಕಾಂಡದಲ್ಲಿ ನೀರು ಏರುವ ವಾಹಿನಿಗಳೇ ಇಲ್ಲ ಎಂದು 1950ರಲ್ಲಿ ಸ್ವಾಮಿ ಮತ್ತು ಬೈಲಿ ಬರೆದರು. ಆ ಜಾತಿಯ ಒಂದು ಪ್ರಭೇದಕ್ಕೆ ಸ್ವಾಮಿಯವರು ಗುರುವಿನ ಹೆಸರನ್ನೇ ಇಟ್ಟಿದ್ದಾರೆ, ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ. 1987ರಲ್ಲಿ ಕಾರ್ಲ್‌ಕ್ವಿಸ್ಟ್ ಎಂಬ ವಿಜ್ಞಾನಿ ಅದೇ ಗಿಡದಲ್ಲಿ ವಾಹಿನಿಗಳನ್ನು ತೋರಿಸಿದರು. ಸ್ವಾಮಿ ಆಗ ಇರಲಿಲ್ಲ. ಇದ್ದಿದ್ದರೆ ಇದರ ಮೇಲೊಂದು ತಮಾಷೆಯ ಪ್ರಬಂಧ ಬರೆಯುತ್ತಿದ್ದರೆಂದು ನನ್ನ ಊಹೆ. ತನ್ನ ತೀರ್ಮಾನ ನಾಳೆ ತಿದ್ದುಪಡಿಯಾಗಬಹುದು ಎಂಬುದು ಅವರ ಕಸುಬಿನಲ್ಲೇ ಇದ್ದ ಮಾತು. ಅವರ ಕನ್ನಡದ ಹಗುರಕ್ಕೆ ಇದೂ ಒಂದು ಕಾರಣ. ಕಡೆಯ ಮಾತು ತನ್ನದೇ ಎಂದುಕೊಂಡವರ ಬರಹ ಭಾರವಾಗುತ್ತದೆ.

ಈಗ ನನ್ನ ಅಚ್ಚುಮೆಚ್ಚಿನ ಪುಸ್ತಕಕ್ಕೆ ಬರುತ್ತೇನೆ: 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'. ಪ್ರಶಸ್ತಿ ಬಂದದ್ದು 'ಹಸುರು ಹೊನ್ನಿ'ಗೆ, ಜನ ಹೆಚ್ಚು ಮೆಚ್ಚುವುದೂ ಅದನ್ನೇ. ನನ್ನ ಮತ ಮಾತ್ರ ಹೊಟ್ಟೆಗೆ. ನಾವು ದಿನಾ ತಿನ್ನುವ ತರಕಾರಿ, ಹಣ್ಣು, ಕಾಳುಗಳಲ್ಲಿ ಎಷ್ಟು ಆ ಖಂಡದಿಂದ ಬಂದವು ಎಂಬುದು ವಿಷಯ. ಶೀರ್ಷಿಕೆಯನ್ನು ತಕ್ಕಡಿಗೆ ಹಾಕಬೇಡಿ. ಆಲೂಗಡ್ಡೆ ಆಂಡೀಸ್ ಪರ್ವತದ್ದು, ಗೋಡಂಬಿ ಬ್ರೆಜಿಲ್‌ನದು, ನೆಲಗಡಲೆ, ಅನಾನಸು ಕೂಡ ದಕ್ಷಿಣದವೇ. ಆದರೆ ಮುಸುಕಿನ ಜೋಳ ಮತ್ತು ನಮ್ಮ ಮಾಮೂಲಿ ಮೆಣಸಿನಕಾಯಿಯನ್ನು ಮನುಷ್ಯ ಮೊದಲು ಪಳಗಿಸಿದ್ದು ಮೆಕ್ಸಿಕೋದಲ್ಲಿ. ಹೊಟ್ಟೆಗೆ ಗಡಿರೇಖೆ ಗೊತ್ತಿಲ್ಲ, ಬಿಡಿ.

ಈ ಪುಸ್ತಕ ಓದಿದ ವಾರ ನಮ್ಮ ಮನೆಯಲ್ಲಿ ಅಜ್ಜನ ತಿಥಿ ಇತ್ತು. ಚಿಕ್ಕಂದಿನಿಂದ ನೋಡಿದ ಅಡುಗೆಯನ್ನು ಅಂದು ಹೊಸದಾಗಿ ನೋಡಿದೆ. ಬಾಳೆಕಾಯಿ, ಹಾಗಲಕಾಯಿ, ಕೆಸುವಿನ ಗಡ್ಡೆ, ಸುವರ್ಣಗಡ್ಡೆ, ಹೆಸರುಬೇಳೆ, ಉದ್ದಿನ ವಡೆ, ಎಳ್ಳಿನ ಉಂಡೆ. ಖಾರಕ್ಕೆ ಒಳ್ಳೆಮೆಣಸು ಮತ್ತು ಶುಂಠಿ. ಮೆಣಸಿನಕಾಯಿ ಇಲ್ಲ, ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ, ಹುರುಳಿಕಾಯಿ ಇಲ್ಲ, ಸೀಮೆಬದನೆ ಇಲ್ಲ. ಅಂದರೆ 1492ಕ್ಕೆ ಮೊದಲಿನ ಅಡುಗೆಮನೆಯೊಂದು ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಬಾಗಿಲು ತೆರೆಯುತ್ತಿತ್ತು! ಅಜ್ಜಿಯನ್ನು ಕೇಳಿದೆ, ಮೆಣಸಿನಕಾಯಿ ಏಕೆ ಬೇಡ ಎಂದು. ಮಡಿಸೀರೆಯಲ್ಲಿದ್ದ ಅಜ್ಜಿ ಒಲೆಯ ಮುಂದಿನಿಂದ ತಿರುಗದೆ ಹೇಳಿದ್ದು: "ಅವರೆಲ್ಲ ತಿಂದ ಸಾಮಾನಲ್ಲ ಮಗಾ ಅದು. ರುಚಿ ಗೊತ್ತಿಲ್ಲದ್ದನ್ನು ಪಿತೃಗಳಿಗೆ ಹೇಗೆ ಬಡಿಸುವುದು?" ಕೊಲಂಬಸ್ಸನ ಹೆಸರು ಕೇಳದ ಅಜ್ಜಿ ಅವನ ತಾರೀಖನ್ನು ಅಷ್ಟು ಕರಾರುವಾಕ್ಕಾಗಿ ಇಟ್ಟುಕೊಂಡಿದ್ದಳು.

ಮೆಣಸಿನ ವಿಷಯ ಬಂದಾಗ ಮಲೆನಾಡಿನವರು ಸುಮ್ಮನೆ ಮುಂದೆ ಹೋಗುವಂತಿಲ್ಲ. ಯುರೋಪಿನವರು ಸಮುದ್ರಕ್ಕೆ ಇಳಿದದ್ದೇ ನಮ್ಮ ಘಟ್ಟದ ಕಾಳುಮೆಣಸಿಗಾಗಿ. ಕೊಲಂಬಸ್ ತಪ್ಪು ದಿಕ್ಕಿಗೆ ಹೋಗಿ, ಅಲ್ಲಿ ಖಾರವಾದ ಕಾಯೊಂದನ್ನು ಕಂಡು, ಇದೇ ಮೆಣಸು ಎಂದ. ಸ್ಪೇನಿನ ಭಾಷೆಯಲ್ಲಿ ಎರಡಕ್ಕೂ ಇಂದಿಗೂ ಅವಳಿ ಹೆಸರು. 1498ರಲ್ಲಿ ವಾಸ್ಕೋ ಡ ಗಾಮ ಸರಿಯಾದ ದಿಕ್ಕಿಗೆ ಬಂದ. ಮುಂದಿನ ನೂರು ವರ್ಷ ಪೋರ್ಚುಗೀಸರು ನಮ್ಮ ಕರಾವಳಿಯಲ್ಲಿ ಮೆಣಸಿಗಾಗಿ ಜಗಳಾಡುತ್ತ, ಬೇಡುತ್ತ, ಬೆದರಿಸುತ್ತ ಕಳೆದರು. ಜೋಗದಿಂದ ಇಳಿದ ಶರಾವತಿಯ ದಂಡೆಯಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು 'ಮೆಣಸಿನ ರಾಣಿ' ಎಂದೇ ಕರೆದರು. ಮೆಣಸನ್ನು ಒಯ್ಯಲು ಬಂದ ಅದೇ ಪೋರ್ಚುಗೀಸರ ಮೂಲಕ ಮೆಣಸಿನಕಾಯಿ ಇಲ್ಲಿಗೆ ಬಂತು. ನಾವು ಏನು ಮಾಡಿದೆವು? ಬಂದವನಿಗೆ ಮನೆಯೊಡೆಯನ ಹೆಸರನ್ನೇ ಕೊಟ್ಟೆವು. ಮೆಣಸಿನಂತೆ ಖಾರವಾದ ಕಾಯಿ, ಅದಕ್ಕೆ ಮೆಣಸಿನಕಾಯಿ. ಸ್ವಲ್ಪ ಕಾಲಕ್ಕೆ ಬಂದವನೇ ಮನೆಯೊಡೆಯನಾಗಿ, ಹಳೆಯ ಮೆಣಸು ತನ್ನ ಗುರುತಿಗೆ 'ಕಾಳು', 'ಕರಿ', 'ಒಳ್ಳೆ' ಎಂದು ಮುಂದೊಂದು ಪದ ಹಚ್ಚಿಕೊಳ್ಳಬೇಕಾಯಿತು. ನಮ್ಮ ಕಡೆ 'ಒಳ್ಳೆಮೆಣಸು' ಎನ್ನುವಾಗ ಆ 'ಒಳ್ಳೆ'ಯಲ್ಲಿ ಹಳಬರ ಪರವಾದ ಒಂದು ತೀರ್ಪು ನನಗೆ ಕೇಳಿಸುತ್ತದೆ.

ಗಿಡಗಳ ಸಂಬಂಧವನ್ನು ನೋಡಿದರೆ ಇನ್ನೂ ಸ್ವಾರಸ್ಯ. ಕಾಳುಮೆಣಸು ವೀಳ್ಯದೆಲೆಯ ದಾಯಾದಿ. ಮೆಣಸಿನಕಾಯಿ ಬದನೆಯ ದಾಯಾದಿ. ಬದನೆ ನಮ್ಮ ಕಡೆಯದು. ಅದರ ಬಳಗದ ಆಲೂಗಡ್ಡೆ, ಟೊಮೆಟೊ, ಮೆಣಸಿನಕಾಯಿ ಸಮುದ್ರದ ಆಚೆ ಉಳಿದವು. ಮನುಷ್ಯ ಹುಟ್ಟುವುದಕ್ಕೂ ಎಷ್ಟೋ ಮೊದಲು ಬೇರೆಯಾದ ಈ ಕುಟುಂಬ ಮತ್ತೆ ಕೂಡಿದ್ದು ನಮ್ಮ ಹುಳಿಯ ಪಾತ್ರೆಯಲ್ಲಿ. ಆ ಹುಳಿಗೆ ಹಾಕುವ ಹುಣಸೆ ಆಫ್ರಿಕಾದ ಮರ. ಆದರೆ ಅದು ಬಂದು ಎಷ್ಟು ಕಾಲವಾಯಿತೆಂದರೆ ಅರಬರು ಅದನ್ನು 'ಹಿಂದ್ ದೇಶದ ಖರ್ಜೂರ' ಎಂದು ಕರೆದರು. ಇಂಗ್ಲಿಷಿನ ಹೆಸರು ಅದರಿಂದಲೇ ಬಂತು. ಎಷ್ಟು ವರ್ಷ ಇದ್ದರೆ ಊರಿನವರಾಗುತ್ತಾರೆ ಎಂಬ ಪ್ರಶ್ನೆಯನ್ನು ಹುಣಸೆ ಕೇಳಿದರೆ ಒಂದು ಉತ್ತರ, ಮೆಣಸಿನಕಾಯಿ ಕೇಳಿದರೆ ಇನ್ನೊಂದು. ತಿಥಿಯ ಅಡುಗೆಗೆ ಮಾತ್ರ ಐನೂರು ವರ್ಷ ಸಾಲದು.

ಸ್ವಾಮಿಯವರ ಓದು ಹೀಗೆ ಒಂದು ಚಟವನ್ನು ಅಂಟಿಸುತ್ತದೆ. ಪದಗಳನ್ನು ಕಂಡರೆ ನಿಲ್ಲಿಸಿ ಊರು ಕೇಳುವ ಚಟ. 'ಸೀಮೆ' ಎಂದು ಶುರುವಾದದ್ದನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ: ಸೀಮೆಬದನೆ, ಸೀಮೆಹುಣಸೆ, ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಗೊಬ್ಬರ. ಮೊದಲ ಎರಡೂ ಮೆಕ್ಸಿಕೋ ಕಡೆಯವು. 'ಪರಂಗಿ' ಹಣ್ಣು ತನ್ನನ್ನು ತಂದ ಫರಂಗಿಯವರ ಹೆಸರನ್ನು ಬೆನ್ನಮೇಲೆ ಹೊತ್ತುಕೊಂಡಿದೆ. ಪೇರಲೆಯಲ್ಲಿ ಪೋರ್ಚುಗೀಸರ 'ಪೇರ' ಇದೆ. ಅವರಿಗೆ ಅದು ಅವರೂರಿನ ಪೇರು ಹಣ್ಣನ್ನು ನೆನಪಿಸಿತು. ಅನಾನಸು ಬ್ರೆಜಿಲ್ಲಿನ ತುಪಿ ಜನರ ಮಾತು. ಸಾಗರ, ಸೊರಬದ ಕಡೆಯ ಹೊಲಗಳಲ್ಲಿ ಈಗ ಅನಾನಸು ಸಾಲು ಸಾಲಾಗಿ ಕೂತಿರುವುದನ್ನು ಬಸ್ಸಿನಲ್ಲಿ ಕುಳಿತು ನೋಡುವಾಗ, ಈ ಊರಿನಲ್ಲಿ ದಿನಾ ನೂರಾರು ಜನ ತಮಗೆ ತಿಳಿಯದೆ ತುಪಿ ಮಾತನಾಡುತ್ತಾರಲ್ಲ ಎಂದು ನಗು ಬರುತ್ತದೆ.

'ಗೇರು' ಎಂಬ ಪದದ ಕಥೆ ಇನ್ನೂ ಸೊಗಸು. ನಮ್ಮ ಕಾಡಿನ ಗೇರು, ಕರಿಗೇರು, ಹಳೆಯ ಮರ. ಅದರ ಕಾಯಿಯ ಕಪ್ಪು ರಸದಿಂದ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದರು. ಮೈಗೆ ಸೋಕಿದರೆ ಗುಳ್ಳೆ ಏಳುತ್ತದೆ. ಬ್ರೆಜಿಲ್ಲಿನಿಂದ ಬಂದ ಗೋಡಂಬಿಯೂ ಅದೇ ಬಳಗದ್ದು, ಅದರ ಸಿಪ್ಪೆಯ ಎಣ್ಣೆಯೂ ಚರ್ಮ ಸುಡುತ್ತದೆ. ನಮ್ಮವರು ಯಾವ ಸೂಕ್ಷ್ಮದರ್ಶಕವೂ ಇಲ್ಲದೆ ಎರಡಕ್ಕೂ ನೆಂಟಸ್ತಿಕೆ ಗುರುತಿಸಿ, ಬಂದದ್ದಕ್ಕೂ ಗೇರು ಎಂದೇ ಕರೆದರು. ಇದೇ ಬಳಗದ ಇನ್ನೊಂದು ಮರ ಜೋಗದಾಚೆ, ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಜೌಗಿನಲ್ಲಿ ನಿಂತಿತ್ತು. ವಿಜ್ಞಾನ ಅದಕ್ಕೆ ಹೆಸರಿಟ್ಟದ್ದು 2000ದಲ್ಲಿ: ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಸ್ವಾಮಿಯವರು ತೀರಿ ಇಪ್ಪತ್ತು ವರ್ಷದ ಮೇಲೆ, ಅಂಥ ದೊಡ್ಡ ಮರಕ್ಕೆ! ಲ್ಯಾಟಿನ್ ಹೆಸರಿನಲ್ಲಿ 'ಕತ್ತಲೆಕಾನು' ಓದಿದಾಗ ಅವರಿಗೆ ಒಂದು ಕಾರ್ಡು ಬರೆಯೋಣ ಎನ್ನಿಸಿತ್ತು.

'ಶಾಸನಗಳಲ್ಲಿ ಗಿಡಮರಗಳು' ಬೇರೆಯದೇ ಕಡೆಯಿಂದ ಇದೇ ಕೆಲಸ ಮಾಡುತ್ತದೆ. ಕಲ್ಲಿನ ಮೇಲೆ ಕೆತ್ತಿದ ಅಡಕೆ ತೋಟ, ಎಲೆಬಳ್ಳಿ, ಹೂವಿನ ತೋಟ, ಗಡಿಗುರುತಿನ ಮರಗಳನ್ನು ಸಸ್ಯಶಾಸ್ತ್ರದವನ ಕಣ್ಣಿನಿಂದ ನೋಡುವ ಪುಸ್ತಕ. ಶಾಸನ ಓದುವವರಿಗೆ ಗಿಡ ಗೊತ್ತಿಲ್ಲ, ಗಿಡ ಬಲ್ಲವರಿಗೆ ಶಾಸನ ಗೊತ್ತಿಲ್ಲ. ಎರಡನ್ನೂ ಒಬ್ಬರೇ ಬಲ್ಲರೆ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಹೊಟ್ಟೆಯ ಪುಸ್ತಕದ ಜೊತೆ ಇದನ್ನು ಇಟ್ಟು ಓದಿ. ಒಂದು ನಮ್ಮಲ್ಲಿ ಮೊದಲಿನಿಂದ ಇದ್ದದ್ದನ್ನು ಹೇಳುತ್ತದೆ, ಇನ್ನೊಂದು ಆಮೇಲೆ ಬಂದದ್ದನ್ನು. ತಾಳಗುಂದ, ಬಳ್ಳಿಗಾವಿಗೆ ಶಾಲೆಯ 'ಪ್ರವಾಸ' ಎಂದು ಹೋಗಿ ಕಲ್ಲಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಬರುತ್ತಿದ್ದ ನಾನು, ಈ ಪುಸ್ತಕದ ನಂತರ ಮಕ್ಕಳಿಗೆ ಒಂದು ಆಟ ಹೇಳಿಕೊಡುತ್ತಿದ್ದೆ: ಈ ಕಲ್ಲು ನೆಟ್ಟ ದಿನ ಇಲ್ಲಿ ಊಟಕ್ಕೆ ಏನೇನು ಇರಲಿಲ್ಲ, ಹೇಳಿ.

'ಹಸುರು ಹೊನ್ನು' ಬಗ್ಗೆ ಹೆಚ್ಚು ಹೇಳುವುದಿಲ್ಲ, ಇಲ್ಲಿರುವ ಹಲವರು ಅದನ್ನು ನನಗಿಂತ ಚೆನ್ನಾಗಿ ಬಲ್ಲಿರಿ. ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಗುಡ್ಡ ಕಾಡು ಅಲೆಯುತ್ತಾರೆ. ಗಿಡದ ವರ್ಣನೆಯ ಮಧ್ಯೆ ಹುಡುಗರ ಕಿತಾಪತಿ, ಅದರ ಮಧ್ಯೆ ಸಂಸ್ಕೃತದ ಒಂದು ಶ್ಲೋಕ, ಮತ್ತೆ ಗಿಡ. ಚಿತ್ರಗಳನ್ನೂ ಅವರೇ ಬರೆದದ್ದು. ಆ ರೇಖೆಗಳ ಕಡೆಗೆ ಗಮನ ಕೊಡಿ. ಫೋಟೋ ಎಲ್ಲವನ್ನೂ ತೋರಿಸುತ್ತದೆ. ಗೊತ್ತಿದ್ದವನು ಬಿಡಿಸಿದ ರೇಖೆ ಯಾವುದನ್ನು ನೋಡಬೇಕೋ ಅದನ್ನಷ್ಟೇ ತೋರಿಸುತ್ತದೆ. ಅವರ ಗದ್ಯದ ಹದವೂ ಅದೇ.

ಈ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಒಂಬತ್ತನೆಯ ತರಗತಿಯ ಮಕ್ಕಳನ್ನು ಒಮ್ಮೆ ಆಗುಂಬೆಗೆ ಕರೆದುಕೊಂಡು ಹೋದೆ. ಪುಸ್ತಕದ ಆ ಪ್ರಾಧ್ಯಾಪಕರಿಗೆ ಸಿಕ್ಕಷ್ಟು ಚುರುಕಾದ ಉತ್ತರಗಳು ನನಗೆ ಸಿಗಲಿಲ್ಲ. ಇಂಬಳ (ಜಿಗಣೆ) ಮಾತ್ರ ಬೇಕಾದಷ್ಟು ಸಿಕ್ಕವು. ಧೂಪದ ಮರದ ಬುಡದಲ್ಲಿ ನಿಂತು ನಾನು ಕುಟುಂಬ, ಪ್ರಭೇದ ಎಂದು ಹೇಳುತ್ತಿದ್ದರೆ ಅರ್ಧ ತರಗತಿ ಕಾಲಿಗೆ ಸುಣ್ಣ ಹಚ್ಚಿಕೊಳ್ಳುತ್ತಿತ್ತು. ಒಬ್ಬ ಹುಡುಗಿ ಮಾತ್ರ ಕೊಂಬೆಯಿಂದ ಇಳಿಬಿದ್ದ ಸೀತೆದಂಡೆಯ (ಸೀತಾಳೆ, ಅಂದರೆ ಆರ್ಕಿಡ್ ಬಳಗದ ಹೂವು) ಗೊಂಚಲನ್ನು ತೋರಿಸಿ, "ಸಾರ್, ಇದು ಮರದ ರಸ ಕುಡಿದು ಬದುಕುತ್ತದೆಯೇ?" ಎಂದಳು. ಇಲ್ಲ, ಅದು ಮರದ ಮೇಲೆ ಕೂರುತ್ತದೆ ಅಷ್ಟೆ, ಗಾಳಿ ಮಳೆಯಿಂದ ತನ್ನದನ್ನು ತಾನೇ ಸಂಪಾದಿಸುತ್ತದೆ ಎಂದೆ. ಮುಂದಿನ ಪ್ರಶ್ನೆಗೆ ಮೇಷ್ಟರು ಸಿಕ್ಕಿಬಿದ್ದರು: "ಹಾಗಾದರೆ ಅಷ್ಟು ಮೇಲೆ ಬೀಜ ಹೇಗೆ ಹತ್ತಿತು?" ಮನೆಗೆ ಬಂದು ಓದಿಕೊಂಡೆ. ಈ ಬಳಗದ ಬೀಜ ಧೂಳಿನ ಹಾಗೆ, ಗಾಳಿಯಲ್ಲಿ ತೇಲುತ್ತದೆ. ಬುತ್ತಿ ಕಟ್ಟಿಕೊಂಡು ಹೊರಡುವುದಿಲ್ಲ. ಇಳಿದ ಜಾಗದಲ್ಲಿ ತಕ್ಕ ಶಿಲೀಂಧ್ರವೊಂದು ಸಿಕ್ಕಿ ಅನ್ನ ಹಾಕಿದರೆ ಮಾತ್ರ ಮೊಳೆಯುತ್ತದೆ. ಓದುತ್ತ ಹೋದಂತೆ ಗೊತ್ತಾದದ್ದು: ಸೀತಾಳೆಗಳ ಭ್ರೂಣ ಹೇಗೆ ಬೆಳೆಯುತ್ತದೆ ಎಂಬುದರ ಮೇಲೆ 1940ರ ದಶಕದಲ್ಲಿ ಗಟ್ಟಿ ಕೆಲಸ ಮಾಡಿದವರು ನನ್ನ ಚೀಲದಲ್ಲಿದ್ದ ಪುಸ್ತಕದ ಲೇಖಕರೇ.

ಅವರ ಬರಹದಲ್ಲಿ ನನಗೆ ಸೇರದ್ದೂ ಇದೆ. ಕಾಲೇಜಿನ ಬದುಕಿನ ಮೇಲೆ ಬರೆದ ಪುಸ್ತಕಗಳಲ್ಲಿ ಕೆಲವು ತಮಾಷೆಗಳು ಅಗತ್ಯಕ್ಕಿಂತ ಉದ್ದ. ಮೂರ್ಖನೊಬ್ಬ ಸಿಕ್ಕಿದರೆ ಸ್ವಾಮಿಯವರು ಅವನನ್ನು ಬೇಗ ಬಿಡುವುದಿಲ್ಲ. ಓದುಗನಿಗೆ ನಾಲ್ಕನೆಯ ಪುಟಕ್ಕೆ ಆ ಬಡಪಾಯಿಯ ಮೇಲೆ ಕನಿಕರ ಹುಟ್ಟುತ್ತದೆ. 'ಕಾಲೇಜು ರಂಗ' 1976ರಲ್ಲಿ ಪುಟ್ಟಣ್ಣ ಕಣಗಾಲರ ಕೈಯಲ್ಲಿ ಸಿನಿಮಾ ಆದದ್ದು ನಿಮಗೆ ಗೊತ್ತು. ಅದು ಕಾದಂಬರಿಯ ದಾರಿ, ನನ್ನ ಇಂದಿನ ವಿಷಯವಲ್ಲ. 'ತಮಿಳು ತಲೆಗಳ ನಡುವೆ' ಪುಸ್ತಕದಲ್ಲಿ ಅವರು ತಮ್ಮ ಎಂದಿನ ಪ್ರಶ್ನೆಯನ್ನು ಗ್ರಂಥಗಳಿಗೆ ಕೇಳುತ್ತಾರೆ: ನಿನ್ನ ನಿಜವಾದ ವಯಸ್ಸೆಷ್ಟು? ಪ್ರಾಚೀನತೆಯ ಹೆಮ್ಮೆಯನ್ನು ಪುರಾವೆಯೆಂದು ಒಪ್ಪಲು ಅವರು ಸಿದ್ಧರಿಲ್ಲ. ಆ ಹಟ ನನಗೆ ಇಷ್ಟ. ಆದರೆ ಎದುರಾಳಿಯನ್ನು ಕೆಡವಿದ ಮೇಲೂ ಅವನ ಪೇಟವನ್ನು ಎತ್ತಿ ಎತ್ತಿ ತೋರಿಸುವ ಉತ್ಸಾಹ ಅಲ್ಲಲ್ಲಿ ಇದೆ. ಮತ್ತು ಇದನ್ನು ಓದಿ ಚಪ್ಪಾಳೆ ತಟ್ಟುವ ನಾವು ಕನ್ನಡಿಗರು ನಮ್ಮ ಹೆಮ್ಮೆಯ ತಾರೀಖುಗಳನ್ನೂ ಅಷ್ಟೇ ನಿಷ್ಠುರವಾಗಿ ಕೇಳಿಕೊಂಡಿದ್ದೇವೆಯೇ? ಪಕ್ಕದ ಮನೆಯವರ ಮೂಲ ಕೆದಕುವುದು ಸುಲಭ.

ಇನ್ನು ಕೊನೆಯದಾಗಿ ನನ್ನದೇ ಒಂದು ನಷ್ಟದ ಕಥೆ. 2000ದಲ್ಲಿ ಮಡಗಾಸ್ಕರ್ ದ್ವೀಪಕ್ಕೆ ಚಂಡಮಾರುತ ಬಡಿದು ಅಲ್ಲಿಯ ವೆನಿಲ್ಲಾ ತೋಟಗಳು ನೆಲಕಚ್ಚಿದವು. ಜಗತ್ತಿನ ವೆನಿಲ್ಲಾದ ದೊಡ್ಡ ಪಾಲು ಅಲ್ಲಿಂದ ಬರುತ್ತದೆ. ಬೆಲೆ ಏರಿತು, ಹಸಿ ಕೋಡಿಗೇ ಕಿಲೋಗೆ ಸಾವಿರಾರು ರೂಪಾಯಿ ಎಂಬ ಸುದ್ದಿ ಸಾಗರ, ತೀರ್ಥಹಳ್ಳಿ, ಶಿರಸಿಯವರೆಗೂ ಹಬ್ಬಿತು. ಯಾರ ಮನೆಗೆ ಹೋದರೂ ಅದೇ ಮಾತು. ತುಂಡು ಬಳ್ಳಿಗೆ ಬೆಲೆ, ಬಳ್ಳಿ ಹಬ್ಬಿಸುವ ಹಾಲವಾಣದ ಗೂಟಕ್ಕೆ ಬೆಲೆ, ರಾತ್ರಿ ಕೋಡು ಕದಿಯುವವರಿಂದ ತೋಟ ಕಾಯಲು ನಾಯಿಗೆ ಬೆಲೆ. ನಾನೂ ಅಡಿಕೆ ತೋಟದ ಮೂಲೆಯಲ್ಲಿ ನೂರೈವತ್ತು ಬಳ್ಳಿ ನೆಟ್ಟೆ.

ವೆನಿಲ್ಲಾ ಕೂಡ ಸೀತಾಳೆಯ ಬಳಗ, ಊರು ಮೆಕ್ಸಿಕೋ. ಗಂಡು ಭಾಗಕ್ಕೂ ಹೆಣ್ಣು ಭಾಗಕ್ಕೂ ನಡುವೆ ಹೂವಿನಲ್ಲೇ ಒಂದು ಪರದೆ ಇದೆ. ಅಲ್ಲಿಯ ಜೇನುಹುಳ ಅದನ್ನು ದಾಟಿಸುತ್ತಿತ್ತು. ಗಿಡವನ್ನು ಹಡಗಿಗೆ ಹಾಕಿದವರು ಹುಳವನ್ನು ಹಾಕಲಿಲ್ಲ. ಹಾಗಾಗಿ ಬೇರೆಲ್ಲ ಕಡೆ ಬಳ್ಳಿ ಹಬ್ಬಿತು, ಹೂ ಬಿಟ್ಟಿತು, ಕಾಯಿ ಕಚ್ಚಲಿಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಸಣ್ಣ ಕಡ್ಡಿಯಿಂದ ಆ ಪರದೆ ಎತ್ತಿ ಹೆಬ್ಬೆರಳಿನಿಂದ ಪರಾಗ ಒತ್ತುವ ಉಪಾಯ ಕಂಡುಹಿಡಿದ. ಇಂದಿಗೂ ಜಗತ್ತಿನ ತೋಟಗಳಲ್ಲಿ ನಡೆಯುವುದು ಆ ಹುಡುಗನ ಬೆರಳಿನ ಕೆಲಸವೇ. ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಹಾಗಾಗಿ ನಾಲ್ಕು ವರ್ಷ ಬೇಸಿಗೆಯ ಬೆಳಗುಗಳಲ್ಲಿ ನಾನೂ ನನ್ನ ಹೆಂಡತಿಯೂ ಚೂಪು ಕಡ್ಡಿ ಹಿಡಿದು ಮೆಕ್ಸಿಕೋದ ಜೇನುಹುಳದ ಚಾಕರಿ ಮಾಡಿದೆವು. ಅದೇ ಹೊತ್ತಿನಲ್ಲಿ ನನಗೆ ತಿಳಿದ ಸಂಗತಿ: ವೆನಿಲ್ಲಾದ ಜೀವನಚಕ್ರದ ಮೇಲೆ 1947ರಲ್ಲೇ ಒಂದು ಪ್ರಬಂಧ ಅಮೆರಿಕದ ಸಸ್ಯಶಾಸ್ತ್ರ ಪತ್ರಿಕೆಯಲ್ಲಿ ಬಂದಿತ್ತು. ಬರೆದವರು ಬಿ.ಜಿ.ಎಲ್. ಸ್ವಾಮಿ. ಐಸ್‌ಕ್ರೀಮಿನಲ್ಲಿ ಕಾಣುವ ಕಪ್ಪು ಚುಕ್ಕೆಗಳು ಈ ಬಳ್ಳಿಯ ಬೀಜಗಳು. ಆ ಚುಕ್ಕೆಯ ಹುಟ್ಟನ್ನು ಅವರು ಅಂದೇ ನೋಡಿ ಬರೆದಿಟ್ಟಿದ್ದರು.

ಮಡಗಾಸ್ಕರ್ ಚೇತರಿಸಿಕೊಂಡಿತು. 2005ರ ಹೊತ್ತಿಗೆ ನಮ್ಮ ಕೋಡುಗಳನ್ನು ಕೇಳುವವರೇ ಇರಲಿಲ್ಲ. ಬಳ್ಳಿಗೆ ಸೊರಗು ರೋಗವೂ ಬಂತು. ಬಹಳ ಜನ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದರು, ನಾನೂ ಹಾಕಿದೆ. ಹಾಲವಾಣದ ಒಂದು ಮರದ ಮೇಲಿನ ಬಳ್ಳಿ ಮಾತ್ರ ಕೈಗೆ ಎಟುಕದಷ್ಟು ಮೇಲೆ ಹೋಗಿತ್ತು, ಉಳಿದುಕೊಂಡಿತು. ಈಗ ಅದರ ಕೆಳಗೆ ತಾನಾಗಿ ಬೇರು ಬಿಟ್ಟ ಕವಲುಗಳಿವೆ. ಈ ಏಪ್ರಿಲ್‌ನಲ್ಲಿ ಹನ್ನೊಂದು ಹೂ ಬಿಟ್ಟಿತ್ತು. ನನ್ನ ಕೈ ಈಗ ನಡುಗುತ್ತದೆ. ರಜೆಗೆ ಬಂದಿದ್ದ ಮೊಮ್ಮಗಳಿಗೆ ಕಡ್ಡಿ ಕೊಟ್ಟು ತೋರಿಸಿಕೊಟ್ಟೆ. ಮೂರನ್ನು ಹಾಳು ಮಾಡಿದಳು, ಎಂಟು ಕಚ್ಚಿತು.

ಅದರಲ್ಲಿ ಎರಡು ಕೋಡುಗಳನ್ನು ಈ ಮೇಜಿನ ಮೇಲೆ ಇಟ್ಟಿದ್ದೇನೆ. ಕೈಯಿಂದ ಕೈಗೆ ದಾಟಿಸಿ ನೋಡಿ. ಮೂಸಿದರೆ ಹುರುಳಿಕಾಯಿಯ ಹಸಿ ವಾಸನೆಯಷ್ಟೇ ಬರುತ್ತದೆ, ಬೇಸರಪಟ್ಟುಕೊಳ್ಳಬೇಡಿ. ಪರಿಮಳ ಹುಟ್ಟುವುದು ಬಲಿತ ಕೋಡನ್ನು ಬಿಸಿನೀರಿಗೆ ಹಾಕಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ತಿಂಗಳುಗಟ್ಟಲೆ ಒಣಗಿಸಿದ ಮೇಲೆ. ಉಳಿದ ಆರು ಇನ್ನೂ ಬಳ್ಳಿಯಲ್ಲೇ ಇವೆ, ಜನವರಿಗೆ ಕೊಯ್ಲು. ತಲೆಕೂದಲು ನೆರೆತವರೊಬ್ಬರು ಹಿಂದಿನ ಸಾಲಿನಲ್ಲಿ ಕೋಡನ್ನು ಮೂಗಿಗೆ ಹಿಡಿದು ಮುಖ ಸಿಂಡರಿಸಿದರು. "ಯಾವ ಊರಾಯಿತು ತಮ್ಮದು?" ಎಂದು ಕೇಳಿದೆ. ರಿಪ್ಪನ್‌ಪೇಟೆ ಎಂದರು, ಅವರೂ ಇನ್ನೂರು ಬಳ್ಳಿ ಕಿತ್ತು ಎಸೆದವರಂತೆ.